ಕಿವಿಯ ಬಳಿಯ ಕೂದಲು

ಪಿಪ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪಿಪ್. ಫುಸಾಯೆ ಕಣ್ಣು ಮುಚ್ಚಿಕೊಂಡೇ ಇನ್ನೊಂದಕ್ಕೆ ಕಾದಳು. ಅದೂ ಬಂತು, ಅದರ ಬೆನ್ನಿಗೇ ಶಟರಿನ ಸದ್ದು. ಪಕ್ಕದ ಹಾಸಿಗೆಗೆ ಕೈ ಚಾಚಿದಳು. ಗಂಡ ಅಲ್ಲಿರಲಿಲ್ಲ. ಹೊದಿಕೆ ಆಗಲೇ ತಣ್ಣಗಾಗಿತ್ತು.

ಫೋಕಸ್ ಸಿಕ್ಕಿತು ಎಂದು ಕ್ಯಾಮೆರಾ ಹೇಳುವ ಸದ್ದು ಅದು. ಹಗಲು ಹೊತ್ತು ಫೋಟೋ ತೆಗೆಸಿಕೊಳ್ಳುವ ಮಕ್ಕಳ ಗಲಾಟೆಯಲ್ಲಿ ಅದು ಕಿವಿಗೇ ಬೀಳುತ್ತಿರಲಿಲ್ಲ. ಈಗ ಮನೆಯಿಡೀ ಅದೊಂದೇ ಕೇಳುತ್ತಿತ್ತು. ಅವಳು ಎದ್ದು, ಶಾಲು ಸುತ್ತಿಕೊಂಡು, ಮೆಟ್ಟಿಲಿಳಿದಳು.

ಮನೆಯ ಕೆಳಗಿನ ಫೋಟೋ ಸ್ಟುಡಿಯೋದಲ್ಲಿ ಒಂದೇ ದೀಪ ಉರಿಯುತ್ತಿತ್ತು. ಸೀಮೆಎಣ್ಣೆ ಒಲೆ ಹಚ್ಚಿರಲಿಲ್ಲ. ತೊಕುಜಿ ಹತ್ತಿ ತುಂಬಿದ ಕೋಟು ಹಾಕಿಕೊಂಡು ಸ್ಟ್ಯಾಂಡಿನ ಮೇಲಿಟ್ಟ ಕ್ಯಾಮೆರಾದ ಹಿಂದೆ ನಿಂತಿದ್ದ. ಎದುರಿನ ಮೇಜಿನ ಮೇಲೆ ಅವಳು ಕಿಮೋನೊ ಹೊಲಿಯಲು ಬಳಸುವ ಬಿದಿರಿನ ಅಳತೆಕೋಲು ಪುಸ್ತಕಗಳಿಗೆ ಓರೆಯಾಗಿ ಒರಗಿತ್ತು. ಅದರ ಪಕ್ಕದಲ್ಲಿ, ಮಕ್ಕಳನ್ನು ನಗಿಸಲು ಇಟ್ಟುಕೊಂಡಿದ್ದ ಮರದ ಗೊಂಬೆ.

"ಏನ್ರೀ ಇದು, ಈ ಚಳೀಲಿ?"

"ಬಂದ್ಯಾ? ನೋಡು ಇಲ್ಲಿ." ಅವನು ಕ್ಯಾಮೆರಾದ ಹಿಂಬದಿಯ ಪರದೆಯನ್ನು ಅವಳತ್ತ ತಿರುಗಿಸಿ ಚಿತ್ರವನ್ನು ದೊಡ್ಡದು ಮಾಡಿದ. "ಕೋಲಿನ ನಡುಗೆರೆಗೆ ಫೋಕಸ್ ಕೊಟ್ಟೆ. ನಡುಗೆರೆನೇ ಸ್ಪಷ್ಟವಾಗಿ ಬಂದಿದೆ. ಎಷ್ಟು ಸಲ ತೆಗೆದ್ರೂ ಹಂಗೇ."

"ಅಂದ್ರೆ ಲೆನ್ಸ್ ಸರಿಯಾಗೇ ಇದೆ."

"ಸರಿಯಾಗಿದ್ರೆ ಆ ಮಕ್ಕಳ ಕಣ್ಣು ಯಾಕೆ ಹಂಗೆ ಬಂದ್ವು? ಸ್ಟ್ಯಾಂಡ್ ಮೇಲಿದ್ರೆ ಸಾಧು, ಕೈಗೆ ತಗೊಂಡ್ರೆ ಕಳ್ಳ. ಪರೀಕ್ಷೆ ಅಂದ ತಕ್ಷಣ ಒಳ್ಳೇ ಹುಡುಗನ ಥರ ನಿಂತ್ಕೊಳ್ಳುತ್ತೆ, ಥೇಟ್ ನಿನ್ನ ತಮ್ಮ."

"ನನ್ನ ತಮ್ಮನ್ನ ಯಾಕೆ ಎಳೀತೀರಿ ಮಧ್ಯೆ? ಬನ್ನಿ, ಮಲಗಿ."

ಅವನು ಬರಲಿಲ್ಲ. ಅವಳು ಒಂದು ಗಳಿಗೆ ಸ್ಟ್ಯಾಂಡಿನ ಮೇಲೆ ಅಲುಗಾಡದೆ ಕೂತಿದ್ದ ಕ್ಯಾಮೆರಾವನ್ನೂ, ಅದರ ಪಕ್ಕದಲ್ಲಿ ನಿಂತಿದ್ದ ಗಂಡನನ್ನೂ ನೋಡಿದಳು. ಮನಸ್ಸಿಗೆ ಏನೋ ಹೊಳೆದಂತಾಯಿತು. ಅದನ್ನು ಹಾಗೇ ಅದುಮಿಟ್ಟು ಒಲೆ ಹಚ್ಚಿದಳು.

ಕುರುಮಿ ಶಿಶುವಿಹಾರದ ಮುಖ್ಯಸ್ಥೆ ನಿಷಿಗೋರಿ ಬಂದು ಹೋಗಿ ಹೆಚ್ಚು ದಿನವಾಗಿರಲಿಲ್ಲ. ಅಕ್ಕಿ ಬಿಸ್ಕತ್ತಿನ ಡಬ್ಬಿ ತಂದಿದ್ದಳು. ಮೊದಲು ಚಳಿಯ ಮಾತು, ಆಮೇಲೆ ಸೂರಿನಡಿ ಒಣಗಲು ಕಟ್ಟಿದ್ದ ಹಣ್ಣುಗಳ ಮಾತು ಆಡಿ, ಕೊನೆಗೆ ಚೀಲದಿಂದ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ವಸಂತದಲ್ಲಿ ಶಿಶುವಿಹಾರ ಬಿಟ್ಟು ಶಾಲೆಗೆ ಹೋಗುವ ಮಕ್ಕಳ ಆಲ್ಬಮ್ಮಿಗಾಗಿ ತೊಕುಜಿ ತೆಗೆದ ಮುಖಗಳು. ಪ್ರತಿ ಮುಖದಲ್ಲೂ ಕಿವಿಯ ಬಳಿಯ ಕೂದಲು ಎಳೆಯೆಳೆಯಾಗಿ ಕಾಣುತ್ತಿತ್ತು. ಕಣ್ಣುಗಳು ಮಾತ್ರ ಹಬೆಯ ಆಚೆಗಿದ್ದಂತೆ.

"ಅಕುತ್ಸು ಸೆನ್ಸೇ," ಎಂದಳು, ತೊಕುಜಿಯನ್ನು ಮನೆತನದ ಹೆಸರು ಹಿಡಿದು, ಗುರುಗಳೇ ಎಂಬ ಗೌರವದಲ್ಲಿ. "ತಪ್ಪು ತಿಳ್ಕೋಬೇಡಿ. ನನಗೇನೋ ತುಂಬ ಮೃದುವಾಗಿ ಬಂದಿದೆ ಅನ್ಸುತ್ತೆ. ಈಗಿನ ತಾಯಂದ್ರು ಏನು ಕೊಟ್ರೂ ಬೆರಳಲ್ಲಿ ಎಳೆದೆಳೆದು ದೊಡ್ಡದು ಮಾಡಿ ನೋಡ್ತಾರೆ. ಇನ್ನೊಂದು ಸಲ ತೆಗೆದುಬಿಟ್ರೆ ಅವರಿಗೂ ಸಮಾಧಾನ."

"ಲೆನ್ಸಿನ ತೊಂದರೆ ಅದು," ತೊಕುಜಿ ಹೇಳಿದ್ದ.

"ಇರ್ಬೇಕು, ಇರ್ಬೇಕು." ನಿಷಿಗೋರಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಫುಸಾಯೆಗೆ ಮಾತ್ರ ಕೇಳುವಂತೆ ಹೇಳಿದಳು. "ಯಮಗಾತಾ ನಗರದ ಫೋಟೋ ಕಂಪನಿಯವರು ಬಂದು ಈ ಕೆಲಸ ಕೇಳ್ತಾನೇ ಇದ್ದಾರೆ, ಅಮ್ಮಾ. ನಾನೇ ತಡೆದಿಟ್ಟಿದೀನಿ. ನಾನು ಮಗುವಾಗಿದ್ದಾಗ ನನ್ನ ಫೋಟೋನೂ ಸೆನ್ಸೇನೇ ತೆಗೆದದ್ದಲ್ವಾ, ಅಲ್ಲೇ, ಅದೇ ಅಂಗಳದಲ್ಲಿ. ಆದ್ರೆ ಈ ಸಲವೂ ಹಿಂಗೇ ಆದ್ರೆ..." ಮಾತು ಮುಗಿಸದೆ ಬಾಗಿ ವಂದಿಸಿ ಹೋಗಿದ್ದಳು.

ಹಿಂದೆ ಹೀಗಾಗುತ್ತಿರಲಿಲ್ಲ. ಮೂಗಿನ ತುದಿಯಿಂದ ಹಿಂದಿನ ಪರದೆಯ ನೆರಿಗೆಯವರೆಗೆ ಎಲ್ಲವೂ ಸ್ಪಷ್ಟವಾಗಿ ಬರುವಂತೆ ಅವನು ತೆಗೆಯುತ್ತಿದ್ದ. ಈಗ ಜನರಿಗೆ ಮುಖ ಮಾತ್ರ ಬೇಕು, ಹಿಂದಿನದೆಲ್ಲ ಕರಗಿ ಹೋಗಿರಬೇಕು. ಅದಕ್ಕೆಂದೇ ಈ ಲೆನ್ಸು ಕೊಂಡದ್ದು. ಇದರಲ್ಲಿ ರೆಪ್ಪೆಗೂ ಕಿವಿಗೂ ನಡುವಿನ ಅಂತರವೇ ದೂರ ಪ್ರಯಾಣ. ಅವನು ಅದನ್ನು ರಿಪೇರಿಗೆ ಕಳಿಸಿದ. ಪರೀಕ್ಷಿಸಿ ವಾಪಸು ಕಳಿಸಿದರು. ಯಾವ ದೋಷವೂ ಕಾಣಲಿಲ್ಲ, ತಮಗಾದ ತೊಂದರೆಗೆ ಕ್ಷಮೆಯಿರಲಿ ಎಂದು ಬರೆದಿದ್ದರು.

"ದೋಷ ಇಲ್ದಿದ್ರೆ ಕ್ಷಮೆ ಯಾಕೆ ಕೇಳ್ತಾರೆ?" ಎಂದು ಅವನು ಊಟದ ಹೊತ್ತಿನಲ್ಲೆಲ್ಲ ಕೇಳುತ್ತಿದ್ದ.

ಬೆಳಿಗ್ಗೆ ಮಿಸೊ ಸಾರು, ಅನ್ನ, ಉಪ್ಪಿನ ಮೂಲಂಗಿ ಮುಗಿಸಿ ಫುಸಾಯೆ ತಾನೇ ಹೋಗಿ ಮಕ್ಕಳ ಸ್ಟೂಲಿನ ಮೇಲೆ ಕೂತಳು.

"ನನ್ನದೊಂದು ತೆಗೀರಿ. ಕೈಯಲ್ಲಿ ಹಿಡ್ಕೊಂಡು, ಮಕ್ಕಳದು ತೆಗೆಯೋ ಥರಾನೇ."

"ಕೂದಲು ಬಾಚ್ಕೋಬಾರ್ದಾ?"

"ಕೂದಲು ಹೆಂಗೂ ಚೆನ್ನಾಗೇ ಬರುತ್ತಲ್ಲ."

ಅವನು ನಕ್ಕು ಕ್ಯಾಮೆರಾ ಎತ್ತಿದ. ಪಿಪ್. "ತೆಗೀತೀನಿ, ಆಯ್ತಾ?" ಎಂದು, ಕ್ಯಾಮೆರಾವನ್ನು ಮುಖದಿಂದ ಇಳಿಸದೆಯೇ, ಬಾಗಿ ವಂದಿಸಿ, ಶಟರ್ ಒತ್ತಿದ.

ಅವಳು ಆ ವಂದನೆಯನ್ನು ಮದುವೆಯಾದಂದಿನಿಂದ ನೋಡಿದ್ದಳು. ಆದರೆ ಯಾವಾಗಲೂ ಪಕ್ಕದಿಂದ, ಬೆಳಕು ತಿರುಗಿಸುವ ರಿಫ್ಲೆಕ್ಟರ್ ಹಿಡಿದುಕೊಂಡು. ಇಂದು ಎದುರಿಗೆ ಕೂತಿದ್ದಳು. ಲೆನ್ಸಿನ ಗಾಜಿನಲ್ಲಿ ಕಾಣುತ್ತಿದ್ದ ಕಿಟಕಿಯ ಬೆಳಕಿನ ಚೌಕ ಅವಳತ್ತ ಸರಿದು ಬಂತು. ಹಿಂದೆ ಆ ವಂದನೆ ಬರೀ ಗಲ್ಲದ ಅಲುಗಾಟವಾಗಿತ್ತು. ಈಗ ತಲೆಯ ಜೊತೆ ಭುಜ, ಭುಜದ ಜೊತೆ ಸೊಂಟ ಎಲ್ಲವೂ ಬರುತ್ತಿದ್ದವು, ಮತ್ತು ಬಂದದ್ದು ಬೇಗ ಹಿಂದಕ್ಕೆ ಹೋಗುತ್ತಿರಲಿಲ್ಲ. ಅವನ ಚಪ್ಪಲಿಯ ಹಿಮ್ಮಡಿ ನೆಲದಿಂದ ಎದ್ದಿತ್ತು. ಫೋಕಸ್ ಅವಳ ಕಣ್ಣಿಗೆ ಸಿಕ್ಕಿದ ಮೇಲೆ, ಒಂದು ಬೆರಳಿನಗಲ, ಅವನು ಕ್ಯಾಮೆರಾ ಸಮೇತ ಮುಂದೆ ಬೀಳುತ್ತಿದ್ದ.

"ಇನ್ನೊಂದು," ಅಂದಳು. ಪಿಪ್. ತೆಗೀತೀನಿ, ಆಯ್ತಾ? ಮತ್ತೆ ಅದೇ.

ಪರದೆಯಲ್ಲಿ ಅವಳ ಕಿವಿಯ ಬಳಿಯ ಬಿಳಿ ಕೂದಲು ಒಂದೊಂದಾಗಿ ಎಣಿಸುವಂತಿತ್ತು.

"ಕಂಡ್ಯಾ?" ಅವನು ಹೇಳಿದ. "ಕಳ್ಳ ಲೆನ್ಸು."

ಲೆನ್ಸಲ್ಲ, ನೀವೇ ಮುಂದೆ ಬೀಳ್ತಿದ್ದೀರಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳಿಗೆ ಕಳೆದ ವಸಂತ ನೆನಪಾಯಿತು. ಕಾರನ್ನು ಪಕ್ಕದ ಮನೆಯವರ ಗೇಟಿನ ಕಂಬಕ್ಕೆ ತಾಗಿಸಿದ ಮೇಲೆ, ಯಾರೂ ಹೇಳದಿದ್ದರೂ, ಅವನೇ ಪೊಲೀಸ್ ಠಾಣೆಗೆ ಹೋಗಿ ಡ್ರೈವಿಂಗ್ ಲೈಸೆನ್ಸು ಹಿಂದಿರುಗಿಸಿ ಬಂದಿದ್ದ. ಪೊಲೀಸಿನವರು ಚಪ್ಪಾಳೆ ತಟ್ಟಿದರಂತೆ. ಆಮೇಲೆ ಮಳೆಗಾಲ ಮುಗಿಯುವವರೆಗೂ ಕಿಟಕಿಯ ಪಕ್ಕ ಕೂತಿದ್ದ. ಚಹಾ ಇಟ್ಟರೆ ಕುಡಿಯುತ್ತಿದ್ದ, ಇಡದಿದ್ದರೆ ಕೇಳುತ್ತಿರಲಿಲ್ಲ. ಅವನನ್ನು ಹೊರಗೆ ಕರೆತಂದದ್ದು ಈ ಮಕ್ಕಳ ಫೋಟೋ ಕೆಲಸವೇ. ನಿಜ ತಿಳಿದರೆ ಇದನ್ನೂ ಅವನು ಹಾಗೆಯೇ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ, ಒಪ್ಪಿಸಿ ಬಂದುಬಿಟ್ಟಾನು.

"ರೀ, ಈ ವಂದನೆ ಇದ್ಯಲ್ಲ," ಅವಳು ಸ್ಟೂಲಿನಿಂದ ಏಳುತ್ತಾ, ಬೇರೇನೋ ಮಾತು ಎಂಬಂತೆ ಹೇಳಿದಳು, "ಅದನ್ನ ತೆಗೆದಾದ್ಮೇಲೆ ಮಾಡಿದ್ರೆ ಆಗಲ್ವಾ? ಮಕ್ಕಳು ನಿಮ್ಮ ತಲೆ ನೋಡ್ತಾ ಕಣ್ಣು ಆಡಿಸ್ತಾರೆ."

"ತೆಗೆದಾದ್ಮೇಲೆ ಮಾಡೋದು ಉಪಕಾರ ಆಯ್ತು ಅನ್ನೋಕೆ. ಮುಂಚೆ ಮಾಡೋದು ಅಪ್ಪಣೆ ಕೇಳೋಕೆ. ಎರಡೂ ಒಂದೇನಾ? ಬೇರೆಯವರ ಮನೆ ಒಳಗೆ ಹೋಗಿ, ಆಮೇಲೆ ಬಾಗಿಲು ತಟ್ತೀಯಾ ನೀನು?"

"ಆರು ವರ್ಷದ ಮಗೂನ ಅಪ್ಪಣೆ."

"ಮಗೂಗೆ ಮುಖ ಇಲ್ವಾ?" ಎಂದ. ಅವನ ಅಪ್ಪ ಅವನಿಗೆ ಕಲಿಸಿದ ಮೊದಲ ಪಾಠ ಅದು.

ಮಧ್ಯಾಹ್ನ ಅವನು ಊರಿನ ಸಾರ್ವಜನಿಕ ಬಿಸಿನೀರಿನ ಸ್ನಾನಗೃಹಕ್ಕೆ ಹೋದ. ಸೊಂಟಕ್ಕೆ ಒಳ್ಳೆಯದೆಂದು ಅವಳೇ ಒತ್ತಾಯ ಮಾಡಿ ಕಾರಿನಲ್ಲಿ ಬಿಟ್ಟು ಬಂದಳು. ಬಂದವಳು ಕೋಟನ್ನೂ ಬಿಚ್ಚದೆ ಕ್ಯಾಮೆರಾ ಕೈಗೆತ್ತಿಕೊಂಡಳು. ಅದರ ಪರದೆಯ ಮೇಲೆ ಒಂದರೊಳಗೊಂದು ತೆರೆದುಕೊಳ್ಳುವ ಮೆನುಗಳ ಆಳದಲ್ಲಿ, ಆ ಲೆನ್ಸಿಗೆ ಮಾತ್ರ ಅನ್ವಯಿಸುವ ಒಂದು ಜಾಗವಿತ್ತು. ಲೆನ್ಸು ಗುರಿಯ ಹಿಂದೆ ನೋಡುತ್ತಿದ್ದರೆ ಮುಂದಕ್ಕೆ, ಮುಂದೆ ನೋಡುತ್ತಿದ್ದರೆ ಹಿಂದಕ್ಕೆ ತಿದ್ದುವ ಜಾಗ. ನಡುವೆ ಸೊನ್ನೆ, ಎರಡು ಕಡೆಗೂ ಗೀಟುಗಳು. ಗೀಟುಗಳಿಗೂ ಒಂದು ಕೊನೆಯಿತ್ತು. ಅವಳು ಗುರುತನ್ನು ಸೊನ್ನೆಯಿಂದ ಮೆಲ್ಲಗೆ ಮೈನಸ್ ಕಡೆಗೆ ಸರಿಸಿದಳು. ಬಿದಿರಿನ ಕೋಲನ್ನು ಓರೆಯಾಗಿಟ್ಟು, ಸ್ಟ್ಯಾಂಡಿನ ಮೇಲಿಂದ ಒಂದು ಚಿತ್ರ ತೆಗೆದಳು. ನಡುಗೆರೆಗೆ ಗುರಿಯಿಟ್ಟರೂ ಅದರ ಈಚೆಯ ಗೆರೆ ಸ್ಪಷ್ಟವಾಯಿತು. ಇನ್ನಷ್ಟು ಸರಿಸಿದಳು. ಇನ್ನೂ ಈಚೆಗೆ ಬಂತು. ಒಂದು ಬೆರಳಿನಗಲ, ಅವನು ಮುಂದೆ ಬೀಳುವಷ್ಟೇ, ಬಂದಾಗ ನಿಲ್ಲಿಸಿದಳು. ಸರಿಯಾಗಿದ್ದ ಲೆನ್ಸು ಈಗ ಸರಿಯಾಗಿರಲಿಲ್ಲ. ಕ್ಯಾಮೆರಾವನ್ನು ಮೊದಲಿದ್ದ ಕಡೆಯೇ, ಕೊರಳಿಗೆ ಹಾಕುವ ಪಟ್ಟಿಯನ್ನು ಮೊದಲಿದ್ದಂತೆಯೇ ಮಡಿಸಿ ಇಟ್ಟಳು.

ಸಂಜೆ ಕೆಂಪು ಮುಖ ಮಾಡಿಕೊಂಡು ಬಂದವನನ್ನು ಅವಳೇ ಕೆಣಕಿದಳು. "ನನ್ನದು ಇನ್ನೊಂದು ತೆಗೀರಿ ನೋಡೋಣ. ಕಳ್ಳನಿಗೆ ಇವತ್ತಾದ್ರೂ ಬುದ್ಧಿ ಬಂದಿದ್ಯಾ ಅಂತ."

ಪಿಪ್. ತೆಗೀತೀನಿ, ಆಯ್ತಾ?

ಅವನು ಪರದೆ ನೋಡಿದ. ದೊಡ್ಡದು ಮಾಡಿದ. ಕನ್ನಡಕ ಹಣೆಗೇರಿಸಿ ಮತ್ತೆ ನೋಡಿದ.

"ನೋಡಿದ್ಯಾ! ದಾರಿಗೆ ಬಂತು. ಚಳಿಗೆ ಎಲ್ಲೋ ಸಿಕ್ಕಿಹಾಕ್ಕೊಂಡಿದ್ದು ಒಲೆಯ ಕಾವಿಗೆ ಬಿಟ್ಕೊಂಡಿರ್ಬೇಕು. ರೆಪ್ಪೆ ನೋಡು, ರೆಪ್ಪೆ!" ಆಮೇಲೆ ಕೇಳಿದ, "ನಿನ್ನ ಮುಖದಲ್ಲಿ ಇಷ್ಟೊಂದು ಗೆರೆ ಯಾವಾಗ ಬಂದ್ವು?"

"ನೀವು ಮಸುಕಾಗಿ ತೆಗೀತಿದ್ರಲ್ಲ, ಆವಾಗ."

ಮತ್ತೆ ಫೋಟೋ ತೆಗೆಯುವ ದಿನ ಶಿಶುವಿಹಾರದ ಅಂಗಳದಲ್ಲಿ ಮಕ್ಕಳು ನೀಲಿ ಕೋಟು ಹಾಕಿಕೊಂಡು ಸಾಲಾಗಿ ಕೂತಿದ್ದರು. ಮೊದಲ ಹುಡುಗಿ, ತೊಕುಜಿ ಬಾಗಿದ ಕೂಡಲೇ ತಾನೂ ಬಾಗಿದಳು. ಚಿತ್ರದಲ್ಲಿ ಬರೀ ನೆತ್ತಿ ಬಂತು. ಎಲ್ಲರೂ ನಕ್ಕರು. ಫುಸಾಯೆ ನಗಲಿಲ್ಲ. ಆಮೇಲೆ ಅವಳು ಪ್ರತಿ ಮಗುವಿನ ಪಕ್ಕದಲ್ಲೂ ಮಂಡಿಯೂರಿ ಕೂತು, "ಅಜ್ಜ ಬಾಗ್ತಾರೆ, ನೀನು ಬಾಗಬೇಡ. ಬೆನ್ನು ನೆಟ್ಟಗೆ ಇಟ್ಕೊಂಡು ಅವರನ್ನೇ ನೋಡು," ಎಂದು ಹೇಳುತ್ತಾ, ಕೊರಳಪಟ್ಟಿ ಸರಿಮಾಡುವ ನೆಪದಲ್ಲಿ ಬೆನ್ನಿಗೆ ಒಂದು ಬೆರಳು ಆನಿಸಿ ಹಿಡಿದಳು. ಒಬ್ಬ ಹುಡುಗ ಕೇಳಿದ, "ಅಜ್ಜ ಯಾಕೆ ಬಾಗ್ತಾರೆ? ನಾನು ಏನು ಕೊಟ್ಟೆ?"

"ಇನ್ನೂ ಕೊಟ್ಟಿಲ್ಲ. ಕೇಳ್ತಿದಾರೆ," ಎಂದಳು.

ಮಂಡಿ ನೋಯುತ್ತಿತ್ತು. ಸಾಲು ಅರ್ಧ ಮುಗಿಯುವ ಹೊತ್ತಿಗೆ ಅವನ ವಂದನೆ ಬೆಳಗಿನದಕ್ಕಿಂತ ಆಳವಾಗಿದ್ದದ್ದನ್ನು ಅವಳು ನೋಡಿದಳು. ನಡುವೆ ಚಹಾದ ನೆಪ ಮಾಡಿ ಅವನನ್ನು ಕೂರಿಸಿದಳು.

ಕೆಲವು ದಿನಗಳ ಮೇಲೆ ನಿಷಿಗೋರಿ ಅವರು ಮುದ್ರಿಸಿ ತಂದ ಹೊಸ ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಸಡಿಲವಾಯಿತು. "ಕಣ್ಣೊಳಗೆ ಅಂಗಳ ಸಹ ಕಾಣಿಸ್ತಿದೆ! ಹಾಗಾದ್ರೆ ನಿಜವಾಗ್ಲೂ ಲೆನ್ಸೇ. ಸೆನ್ಸೇ, ನನ್ನನ್ನ ಕ್ಷಮಿಸ್ಬೇಕು, ನಾನು ಏನೇನೋ ಅಂದ್ಕೊಂಡಿದ್ದೆ." ಆಮೇಲೆ ಫುಸಾಯೆಯ ಕಡೆ ತಿರುಗಿ, "ಏನಾಗಿತ್ತಮ್ಮಾ ಅದಕ್ಕೆ?"

"ಸ್ವಲ್ಪ ಆಚೀಚೆ ಆಗಿತ್ತು," ಫುಸಾಯೆ ಹೇಳಿದಳು. "ಈಗ ಸರಿಮಾಡಿದ್ದಾಯ್ತು."

"ಮುಂದಿನ ವರ್ಷವೂ ನೀವೇ, ಹಾಗಾದ್ರೆ."

ತೊಕುಜಿ ಬಾಗಿ ವಂದಿಸಿದ. ಫುಸಾಯೆ ಅವನ ಪಕ್ಕದಲ್ಲಿ, ಅವನಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಬಾಗಿಕೊಂಡಿದ್ದಳು.

ಮನೆಗೆ ಬರುವಾಗ ಹಿಮ ಉದುರಲು ಶುರುವಾಗಿತ್ತು. ಅವನು ದಾರಿಯುದ್ದಕ್ಕೂ ಶಿಳ್ಳೆ ಹಾಕಿದ. ಮೇಲೆ ಅವಳು ಅಕ್ಕಿ ತೊಳೆಯುತ್ತಿದ್ದಾಗ ಕೆಳಗಿನಿಂದ ಕೂಗಿದ.

"ಲೇ, ನಿನ್ನ ಬಿದಿರಿನ ಕೋಲು ಎಲ್ಲಿ? ಸ್ಟ್ಯಾಂಡ್ ಮೇಲಿಟ್ಟು ಒಂದು ತೆಗೆದು ಆ ರಿಪೇರಿಯವರಿಗೆ ಕಳಿಸ್ತೀನಿ. ಈಗ ಎಷ್ಟು ಕರಾರುವಾಕ್ಕಾಗಿದೆ ನೋಡ್ಲಿ."

ಅವಳ ಕೈ ಅಕ್ಕಿಯ ನೀರಿನಲ್ಲಿ ನಿಂತಿತು. ಸ್ಟ್ಯಾಂಡಿನ ಮೇಲೆ ಅವನು ಬಾಗಿದರೂ ಕ್ಯಾಮೆರಾ ಬಾಗದು, ಈಚೆಯ ಗೆರೆಯೇ ಸ್ಪಷ್ಟವಾಗಿ ಬರುತ್ತದೆ.

"ಸೀಳಿಹೋಯ್ತು ಅದು. ಕಸಕ್ಕೆ ಹಾಕ್ದೆ."

"ಒಳ್ಳೇ ಕೋಲು ಕಣೇ, ನಿಮ್ಮಮ್ಮ ಕೊಟ್ಟಿದ್ದು!"

"ಹಳೇದಾಗಿತ್ತು ಬಿಡಿ."

ಅವನು ಏನೋ ಗೊಣಗಿದ. ಅವಳು ಕೈ ಒರೆಸಿಕೊಂಡು ಮಲಗುವ ಕೋಣೆಗೆ ಹೋಗಿ, ಹೊಲಿಗೆಯ ಪೆಟ್ಟಿಗೆಯಿಂದ ಕೋಲನ್ನು ತೆಗೆದಳು. ಬಟ್ಟೆಯ ಬೀರುವಿನ ಕೆಳಗಿನ ಖಾನೆಯಲ್ಲಿ, ಅವಳೊಬ್ಬಳೇ ತೆರೆಯುವ ಶೋಕದ ಕಿಮೋನೊದ ಮಡಿಕೆಯೊಳಗೆ ಅದನ್ನು ಉದ್ದಕ್ಕೆ ಮಲಗಿಸಿದಳು. ತಮ್ಮ ಹೊಸ ವರ್ಷಕ್ಕೆ ಬರುತ್ತಾನೆ. ಕುಡಿದರೆ ನಗಿಸಿ ನಗಿಸಿ ಎಲ್ಲ ಬಾಯಿ ಬಿಡಿಸುತ್ತಾನೆ. ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಮುಂದಿನ ವರ್ಷ ಇನ್ನೂ ಒಂದೆರಡು ಗೀಟು ಸರಿಸಬೇಕಾದೀತು.

ಕೆಳಗೆ ಪಿಪ್ ಎಂದಿತು. ಕೋಲಿಲ್ಲದೆ ಅವನು ಕ್ಯಾಮೆರಾವನ್ನು ಕೈಗೆತ್ತಿಕೊಂಡಿದ್ದ. "ತೆಗೀತೀನಿ, ಆಯ್ತಾ?" ಎಂದು ಮರದ ಗೊಂಬೆಯನ್ನು ಕೇಳುತ್ತಿದ್ದದ್ದು ಮೆಟ್ಟಿಲಿನ ಮೇಲಕ್ಕೂ ಕೇಳಿಸಿತು. ಖಾನೆಯ ಮೇಲೆ ಕೈಯಿಟ್ಟುಕೊಂಡು, ಫುಸಾಯೆ ಶಟರಿನ ಸದ್ದಿಗಾಗಿ ಕಾದಳು.