ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಲಾಲ್‌ಬೀ ಕುಪ್ಪಸದ ತೋಳಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದಾಗ ಸುವಾರ್ತಮ್ಮನ ಫೋನು ಬಡಿದುಕೊಂಡಿತು. ಮಸ್ಕಿಯಿಂದ ಮಾರ್ಥಮ್ಮ, ಬೀಗಿತ್ತಿಯಾಗಬೇಕಾದವಳು. ಸುವಾರ್ತಮ್ಮ ಸೆರಗು ಸರಿ ಮಾಡಿಕೊಂಡು, ಆಕೆ ಎದುರಿಗೇ ಬಂದು ಕೂತಿದ್ದಾಳೆ ಎಂಬಂತೆ ನಕ್ಕಳು.

"ವಂದನಾ ರೀ. ನಿಮ್ಮ ಸೊಸಿ ಕುಪ್ಪಸಾನ ಹೊಲಿಸಾಕತ್ತೀನಿ ನೋಡ್ರಿ. ನೂರು ವರ್ಷ ಆಯುಷ್ಯ ನಿಮಗ."

ಆ ಕಡೆಯಿಂದ ವಂದನೆಗೆ ವಂದನೆ ಬರಲಿಲ್ಲ.

"ಸುವಾರ್ತಮ್ಮಾರ, ಹೆಪ್ಸಿಗೆ ಫಿಟ್ಸ್ ಬರ್ತಾವಂತ. ಖರೇನು?"

ಲಾಲ್‌ಬೀಯ ಕಾಲು ಮಷೀನಿನ ಮೇಲೆ ನಿಂತಿತು. ಸುವಾರ್ತಮ್ಮನ ಬಾಯಿಗೆ ಬಂದದ್ದು ಒಂದೇ ಮಾತು: "ಯಾರು ಹೇಳಿದ್ರು ರೀ?"

ಇಲ್ಲ ಎನ್ನುವವರು ಇಲ್ಲ ಎನ್ನುತ್ತಾರೆ, ಯಾರು ಹೇಳಿದರು ಎಂದು ಕೇಳುವುದಿಲ್ಲ. ಅಷ್ಟು ತಿಳಿಯದಷ್ಟು ದಡ್ಡಿಯಲ್ಲ ಮಾರ್ಥಮ್ಮ.

"ನಮ್ಮ ನಾದಿನಿ ರಾಹೇಲ ಲಿಂಗಸುಗೂರಾಗ ಇರ್ತಾಳಲ್ರೀ. ನಿನ್ನಿ ಅಲ್ಲಿ ಹೆಣ್ಮಕ್ಕಳ ಉಪವಾಸ ಕೂಟ ಇತ್ತು. ನಿಮ್ಮ ಪಾಸ್ಟರಮ್ಮಾರು ಎದ್ದು ನಿಂತು ಪ್ರಾರ್ಥನಾ ಮಾಡ್ಯಾರ. ಸಿಂಧನೂರಿನ ಹೆಪ್ಸಿಬಾಳ ಮೂರ್ಛೆ ರೋಗ ಮುಟ್ಟಿ ಗುಣಮಾಡು, ಮಸ್ಕಿ ಹುಡುಗನ ಮನಿಯವರ ಮನಸ್ಸು ಮೆತ್ತಗ ಮಾಡು ಅಂತ. ಕೂಟಕ್ಕ ಕೂಟಾನ ಆಮೆನ್ ಅಂದೈತಿ. ನಮ್ಮ ರಾಹೇಲಳೂ ಆಮೆನ್ ಅಂದು, ಆಮ್ಯಾಲ ಕಣ್ಣು ಬಿಟ್ಟಾಳ."

"ಅಮ್ಮಾರ, ಮೂರು ವರ್ಷ ಆತ್ರೀ, ಒಮ್ಮಿನೂ ಬಂದಿಲ್ಲ. ಗುಳಿಗಿ ನಡದಾವ. ರಾಯಚೂರು ಡಾಕ್ಟ್ರು ಮದಿವಿಗೆ ಏನೂ ಅಡ್ಡಿ ಇಲ್ಲ ಅಂದಾರ..."

"ರೋಗ ಯಾರಿಗೆ ಬರಂಗಿಲ್ರೀ? ರೋಗದ ಮಾತಲ್ಲ ಇದು. ಮುಚ್ಚಿಟ್ರಲ್ಲ, ಅದಕ್ಕ ಬ್ಯಾಸರ. ಐತವಾರ ನಾವು ಬರಂಗಿಲ್ಲ." ಫೋನು ಕಟ್ಟಾಯಿತು.

ಆ ಭಾನುವಾರವೇ ಅವರು ಬಂದು ಮದುವೆಯ ದಿನ ಗೊತ್ತು ಮಾಡುವುದಿತ್ತು. ಲಾಲ್‌ಬೀ ಸೂಜಿಯ ಕೆಳಗಿದ್ದ ಕುಪ್ಪಸವನ್ನು ಬಿಡಿಸಿಕೊಳ್ಳಲಿಲ್ಲ. ಸೂಜಿ ಅರ್ಧ ತೋಳಿಗೆ ಚುಚ್ಚಿಕೊಂಡೇ ನಿಂತಿತ್ತು.

ಸುವಾರ್ತಮ್ಮನ ಮಗಳು ಹೆಪ್ಸಿ ಜವಳಗೇರಾದ ಖಾಸಗಿ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ. ಕಾಲೇಜಿಗೆ ಹೋಗುವ ಕಾಲಕ್ಕೆ ಒಂದು ಬೆಳಿಗ್ಗೆ ಅಂಗಳದಲ್ಲಿ ಬಿದ್ದು ಕೈಕಾಲು ಸೆಟೆದುಕೊಂಡಾಗ ಮೊದಲು ಓಡಿಬಂದು ಹೊರಳಿಸಿ ಮಲಗಿಸಿದವಳು ಪಕ್ಕದ ಮನೆಯ ಈ ಲಾಲ್‌ಬೀಯೇ. ಆಮೇಲೆ ಡಾಕ್ಟರು, ಗುಳಿಗೆ, ಮತ್ತೆ ಒಂದೆರಡು ಸಲ ಬಿದ್ದದ್ದು, ಗುಳಿಗೆ ಬದಲಾದದ್ದು. ಈಗ ಮೂರು ವರ್ಷದಿಂದ ಸುಮ್ಮನಿದೆ. ಮಾರ್ಥಮ್ಮನ ಮಗ ನಾತಾನ, ದನದ ಆಸ್ಪತ್ರೆಯಲ್ಲಿ ಕಂಪೌಂಡರು, ನೋಡಿ ಒಪ್ಪಿ ಹೋದ ದಿನವೇ ಹೆಪ್ಸಿ ತಾಯಿಯನ್ನು ಒಳಗೆ ಕರೆದಿದ್ದಳು.

"ಯವ್ವಾ, ಅವರು ದಿನ ಗೊತ್ತು ಮಾಡಾಕ ಬರ್ತಾರಲ್ಲ, ಅವತ್ತು ಮಾತು ಶುರು ಆಗೋಕಿಂತ ಮೊದಲ ನಾನ ಹೇಳ್ತೀನಿ. ನನ್ನ ಬಾಯಿಂದ. ಅಲ್ಲೀತನಕ ನೀ ಯಾರ ಮುಂದೂ ತುಟಿ ಬಿಚ್ಚಬ್ಯಾಡ. ಅಪ್ಪನ ಮುಂದೂ ಆ ಸುದ್ದಿ ತಗೀಬ್ಯಾಡ."

ಸುವಾರ್ತಮ್ಮ ಮಗಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಮಾತು ಕೊಟ್ಟವಳು ಮಲಗಿ ನಿದ್ದೆ ಮಾಡಬೇಕಷ್ಟೆ? ಆಕೆ ಕೆಲಸ ಮಾಡುವ ಸರಕಾರಿ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಬೇಳೆಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಹುಡುಗಿ ಹೇಳುತ್ತಾಳೆ, ಅವರು ಎದ್ದು ಹೋಗುತ್ತಾರೆ, ಇದೊಂದೇ ಚಿತ್ರ ಕಣ್ಣ ಮುಂದೆ. ಗಂಡ ಸಮಾಧಾನಪ್ಪ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸದವನು, ವಾರಕ್ಕೊಮ್ಮೆ ಮನೆ. ಹಂಚಿಕೊಳ್ಳಲು ಯಾರಿದ್ದಾರೆ? ದೇವರಿದ್ದಾನೆ. ಆದರೆ ಇಂಥ ದೊಡ್ಡ ವಿಷಯಕ್ಕೆ ತನ್ನೊಬ್ಬಳ ಪ್ರಾರ್ಥನೆ ಸಾಲದು ಎನ್ನಿಸಿತು ಆಕೆಗೆ. ಪಾಸ್ಟರಮ್ಮ ಪ್ರಿಸಿಲ್ಲಮ್ಮನವರ ಪ್ರಾರ್ಥನೆ ಎಂದರೆ ಸಭೆಯಲ್ಲಿ ಎಲ್ಲರಿಗೂ ಭರವಸೆ. ಆರಾಧನೆ ಮುಗಿದ ಮೇಲೆ ಆಕೆಯ ಎರಡೂ ಕೈ ಹಿಡಿದು ಹೇಳಿಬಿಟ್ಟಿದ್ದಳು. "ಅಮ್ಮಾರ, ಇದು ನಿಮ್ಮ ಹೊಟ್ಟ್ಯಾಗ ಇರಲಿ," ಎಂದದ್ದಕ್ಕೆ ಆಕೆ ಕಣ್ಣೀರು ತಂದುಕೊಂಡು ತಲೆ ಸವರಿದ್ದರು. ಅಂದು ಸುವಾರ್ತಮ್ಮನಿಗೆ ಗಡದ್ದಾಗಿ ನಿದ್ದೆ ಬಂದಿತ್ತು.

"ಹೇಳಬಾರದಿತ್ತು ಲಾಲ್‌ಬೀ," ಎಂದಳು ಈಗ, ಬಾಗಿಲ ಬದಿಗೆ ಕೂತು. "ಆದ್ರ ನಾ ಹೇಳಿದ್ದು ದೇವರ ಮುಂದ ಇಡ್ಲಿ ಅಂತ."

"ನಿನ್ನ ಮನಿ ಪ್ರಾರ್ಥನಾ ದಿನಾ ಸಂಜಿಗೆ ಈ ಗ್ವಾಡಿ ದಾಟಿ ಬರ್ತೈತಿ," ಎಂದಳು ಲಾಲ್‌ಬೀ. "ಹೆಪ್ಸಿ ಗುಳಿಗಿ, ನಿನ್ನ ಗಂಡನ ಕೆಮ್ಮು, ನನ್ನ ಮೊಣಕಾಲು ಸುದ್ದಾ ಹೆಸರು ಹಿಡಿದು ಹೇಳ್ತಿ. ನಂಗ ಎಲ್ಲಾ ಬಾಯಿಪಾಠ ಆಗೈತಿ. ಯಾರ ಮುಂದರ ಅಂದೀನೇನು?"

"ಇಲ್ಲವ್ವ."

"ನಾನೂ ದುವಾ ಮಾಡೀನಿ ಆಕಿಗೆ. ಮನಸಿನಾಗ. ಮ್ಯಾಲಿನಾತಗ ಕಿವಿ ಚಲೋ ಅದಾವ."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಸುವಾರ್ತಮ್ಮ ಎದ್ದು ಚಪ್ಪಲಿ ಮೆಟ್ಟಿದಳು.

ಪಾಸ್ಟರ ಮನೆ ಕಾಲುವೆಯ ಆಚೆ. ಸುಗ್ಗಿಯ ಕಾಲ, ಭತ್ತದ ಲಾರಿಗಳು ಒಂದರ ಬಾಲಕ್ಕೊಂದು ನಿಂತಿದ್ದವು, ಗಿರಣಿಗಳ ಬೂದಿ ಸೆರಗಿನ ಮೇಲೆ ಕರ್ರಗೆ ಉದುರುತ್ತಿತ್ತು. ಗಂಡನಿಗೆ ಫೋನು ಮಾಡಬೇಕೆನ್ನಿಸಿತು. ಅವನು ಈಗ ಪಾಳಿಯಲ್ಲಿ, ನೆಲದ ಕೆಳಗೆ, ಅಲ್ಲಿಗೆ ಫೋನು ಮುಟ್ಟುವುದಿಲ್ಲ. ದಾರಿಯುದ್ದಕ್ಕೂ ಆಕೆ ಬೈದದ್ದು ಪಾಸ್ಟರಮ್ಮನನ್ನಲ್ಲ, ಅದಕ್ಕಿಂತ ಮೇಲಿನವನನ್ನು. ನಿನಗಲ್ಲವೇ ನಾನು ಹೇಳಿ ಕಳಿಸಿದ್ದು? ಅಷ್ಟು ಜನ ಹೆಂಗಸರ ನಡುವೆ ಆ ರಾಹೇಲಳನ್ನೇ ತಂದು ಕೂರಿಸಬೇಕಿತ್ತೇ ನೀನು? ಪಾಸ್ಟರಮ್ಮನಿಗೆ ಲಿಂಗಸುಗೂರಿನ ಬಸ್ಸು ತಪ್ಪಿಸಲು ನಿನ್ನಿಂದ ಆಗಲಿಲ್ಲವೇ?

ಪ್ರಿಸಿಲ್ಲಮ್ಮ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಆರಿಸುತ್ತಿದ್ದರು. ಬೀದರದ ಕಡೆಯವರು, ಮೆತ್ತಗಿನ ಮಾತು. ಸುವಾರ್ತಮ್ಮನ ಮುಖ ನೋಡಿ ಮೊರ ಬದಿಗಿಟ್ಟರು.

"ಯಾಕ ಸುವಾರ್ತಮ್ಮ, ಹಿಂಗ್ಯಾಕ ಬಂದೀರಿ? ಕೂಡ್ರಿ."

ಸುವಾರ್ತಮ್ಮ ನಿಂತೇ ಎಲ್ಲ ಹೇಳಿದಳು. ಪ್ರಿಸಿಲ್ಲಮ್ಮನವರ ಮುಖ ಬಿಳಿಚಿತು. ಸುಳ್ಳು ಹೇಳುವ ಹೆಂಗಸಲ್ಲ ಆಕೆ, ಅದನ್ನು ಒಪ್ಪಲೇಬೇಕು.

"ಖರೇ ಅದ. ಪ್ರಾರ್ಥನಾ ಮಾಡೀನಿ. ಆದ್ರ ನಾ ಮನುಷ್ಯಾರ ಮುಂದ ಹೇಳಿಲ್ಲ ಸುವಾರ್ತಮ್ಮ, ದೇವರ ಮುಂದ ಹೇಳೀನಿ. ಕಣ್ಣು ಮುಚ್ಚಿ, ಕಣ್ಣೀರು ಹಾಕಿ ಹೇಳೀನಿ."

"ಮೈಕು ಇತ್ತೇನ್ರೀ?"

ಪ್ರಿಸಿಲ್ಲಮ್ಮ ಬೇಳೆಯ ಕಡೆ ನೋಡಿದರು. "ಕೂಟ ದೊಡ್ಡದಿತ್ತು," ಎಂದರು ಸಣ್ಣಗೆ.

"ಹೆಸರು ಯಾಕ ಹಿಡಿದ್ರಿ ಅಮ್ಮಾರ? ಒಬ್ಬ ಮಗಳು ಅಂದ್ರ ಆತಗ ಗೊತ್ತಾಗ್ತಿರಲಿಲ್ಲೇನು? ಮಸ್ಕಿ ಅಂತ ಊರು ಸುದ್ದಾ ಹೇಳಬೇಕಿತ್ತೇನು?"

"ನನ್ನ ಮ್ಯಾಲ ಸಿಟ್ಟು ಮಾಡ್ರಿ, ನಾ ತಡಕೋತೀನಿ. ಆದ್ರ ಒಂದು ಮಾತು ಕೇಳ್ರಿ. ಆ ಸಂಬಂಧ ಕರ್ತನಿಗೆ ಬ್ಯಾಡಾಗಿತ್ತೇನೋ. ನಮಗೇನು ಗೊತ್ತು? ಆತನ ಚಿತ್ತ ಇದ್ದಂಗ ಆಗ್ತದ. ಇದಕ್ಕಿಂತ ಛಲೋ ಮನಿ ಇಟ್ಟಿರಬೇಕು ಹೆಪ್ಸಿಗೆ."

ಇಷ್ಟು ಹೊತ್ತು ಸುವಾರ್ತಮ್ಮನಿಗೆ ನೋವಾಗಿತ್ತು, ಈಗ ಮೈ ಉರಿಯಿತು. ತಪ್ಪಾಯಿತು ಎಂದಿದ್ದರೆ ಈ ಬಾಗಿಲಲ್ಲೇ ಕೂತು ಅತ್ತು, ಚಹಾ ಕುಡಿದು ಹೋಗುತ್ತಿದ್ದಳು. ತಾನು ಚೆಲ್ಲಿದ್ದನ್ನು ದೇವರು ಚೆಲ್ಲಿದ ಎಂದು ತೋರಿಸುವ ಈ ಮೆತ್ತಗಿನ ಬೆರಳು ಆಕೆಗೆ ಸಹಿಸಲಾಗಲಿಲ್ಲ. ಎಷ್ಟು ವರ್ಷ ಈ ಹೆಂಗಸಿನ ಪ್ರಾರ್ಥನೆಗೆ ತಾನೇ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದಿದ್ದಳು! ತುರ್ವಿಹಾಳದ ಯಾರದೋ ಸೊಸೆ ಗಂಡನನ್ನು ಬಿಟ್ಟುಬಂದದ್ದು, ಯಾರದೋ ಮಗ ಕುಡಿಯುವುದು, ಎಲ್ಲ ತನಗೆ ಗೊತ್ತಾದದ್ದು ಹೀಗೆ ಕಣ್ಣು ಮುಚ್ಚಿ ಕೂತಾಗಲೇ. ಆಗ ಅದು ತಪ್ಪೆಂದು ಅನ್ನಿಸಿರಲಿಲ್ಲ.

"ಬರ್ರಿ," ಎಂದು ಪ್ರಿಸಿಲ್ಲಮ್ಮ ಎದ್ದು ಆಕೆಯ ಕೈ ಹಿಡಿದರು. "ಬಾಯಿ ಮಾತಿಲೆ ಆಗೋದಲ್ಲ ಇದು. ಪ್ರಾರ್ಥನಾ ಮಾಡೋಣ."

ರೂಢಿ ಎಂಬುದು ಸಿಟ್ಟಿಗಿಂತ ಹಳೆಯದು. ಸುವಾರ್ತಮ್ಮನ ಇನ್ನೊಂದು ಕೈ ತಾನಾಗಿ ಸೆರಗನ್ನು ತಲೆಗೆಳೆಯಿತು, ಕಣ್ಣು ಮುಚ್ಚಿದವು.

"ಪರಲೋಕದ ತಂದೆಯೇ, ಸ್ತೋತ್ರ. ನಿನ್ನ ಮಗಳಾದ ಹೆಪ್ಸಿಬಾಳನ್ನು..."

"ಹೆಸರು ಹಿಡಿಬ್ಯಾಡ್ರಿ," ಎಂದಳು ಸುವಾರ್ತಮ್ಮ.

ಆಕೆ ಕಣ್ಣು ತೆರೆದಿದ್ದಳು. ಪ್ರಿಸಿಲ್ಲಮ್ಮನವರ ಕಣ್ಣು ಇನ್ನೂ ಮುಚ್ಚಿಯೇ ಇದ್ದವು, ತುಟಿ ಮಾತ್ರ ಅರ್ಧಕ್ಕೆ ನಿಂತಿತ್ತು. ಪ್ರಾರ್ಥನೆಯ ನಡುವೆ ಆ ಮುಖವನ್ನು ಸುವಾರ್ತಮ್ಮ ನೋಡಿದ್ದು ಅದೇ ಮೊದಲು. ದಣಿದ, ವಯಸ್ಸಾದ, ಏನು ಹೇಳಬೇಕೋ ತಿಳಿಯದ ಒಂದು ಮುಖ. ಮೆಲ್ಲಗೆ ಕೈ ಬಿಡಿಸಿಕೊಂಡು ಆಮೆನ್ ಇಲ್ಲದೆಯೇ ಹೊರಗೆ ಬಂದಳು.

ಸಂಜೆ ಹೆಪ್ಸಿ ಬಸ್ಸಿಳಿದು ಬಂದಾಗ ಸುವಾರ್ತಮ್ಮ ಹೊಸ್ತಿಲಲ್ಲೇ ಇದ್ದಳು. ಚಹಾ ಕುಡಿಯಲು ಕೂಡ ಬಿಡದೆ ಹೇಳಿದಳು, ಇಟ್ಟುಕೊಂಡಿರಲು ಆಕೆಯಿಂದ ಆಗುತ್ತಿರಲಿಲ್ಲ.

"ಮಸ್ಕಿಯವರು ಐತವಾರ ಬರಂಗಿಲ್ಲಂತ. ಅವರಿಗೆ ಗೊತ್ತಾಗೈತಿ."

"ಯಾರು ಹೇಳಿದ್ರು?"

"ಪಾಸ್ಟರಮ್ಮ. ಲಿಂಗಸುಗೂರು ಕೂಟದಾಗ, ಮೈಕಿನಾಗ, ಹೆಸರು ಹಿಡಿದು ಪ್ರಾರ್ಥನಾ ಮಾಡ್ಯಾಳ. ನಾತಾನನ ಸೋದರತ್ತಿ ಅಲ್ಲೇ ಕೂತಿದ್ಲಂತ. ನಾ ಹೋಗಿ ಕೇಳೇ ಬಂದೀನಿ, ಬಿಟ್ಟಿಲ್ಲ. ಏನಂತಾಳ ಗೊತ್ತೇನು, ದೇವರ ಚಿತ್ತ ಅಂತ." ಮಾತು ಬಿಸಿಬಿಸಿಯಾಗಿ ಬಂತು. ತಾಯಿ ಮಗಳು ಸೇರಿ ಒಬ್ಬಳ ಮೇಲೆ ಸಿಟ್ಟು ಮಾಡಿದರೆ ಸ್ವಲ್ಪವಾದರೂ ಹಗುರಾದೀತೆಂಬ ಆಸೆ ಆಕೆಯ ದನಿಯಲ್ಲೇ ಇತ್ತು.

ಹೆಪ್ಸಿ ಕೈಗಡಿಯಾರ ಬಿಚ್ಚಿ ಗೋಡೆಯ ಮಾಡದಲ್ಲಿಟ್ಟಳು. ಬೆನ್ನು ತಾಯಿಯ ಕಡೆಗಿತ್ತು.

"ಪಾಸ್ಟರಮ್ಮಗ ಯಾರು ಹೇಳಿದ್ರು?"

ಗೋಡೆಯಾಚೆ ಮಷೀನು ಗಡಗಡ ಎನ್ನುತ್ತಿತ್ತು.

"ನಂಗ ಹೆದರಿಕಿ ಆಗಿತ್ತವ್ವ. ನೀ ಹೇಳಿದಾಗ ಅವರು ಎದ್ದು ಹೋದ್ರ ಹೆಂಗ ಅಂತ. ದೇವರ ಮುಂದ ಒಂದು ಮಾತು ಹಾಕ್ಲಿ ಅಂತ..."

"ದೇವರಿಗೆ ಮೊದಲ ಗೊತ್ತಿತ್ತಲ್ಲ, ಯವ್ವಾ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಸುವಾರ್ತಮ್ಮ ತಡೆದುಕೊಳ್ಳುತ್ತಿದ್ದಳು.

"ದಿನಾ ಬಸ್ಸಿನಾಗ ಬರೋವಾಗ ಮಾತು ಜೋಡಿಸಿಕೊಂತಿದ್ದೆ," ಎಂದಳು ಹೆಪ್ಸಿ, ಇನ್ನೂ ತಿರುಗದೆ. "ಮೊದಲು ಗುಳಿಗಿ ತೋರಸಬೇಕು. ಆಮ್ಯಾಲ ಡಾಕ್ಟ್ರು ಏನಂದಾರ ಅದನ್ನ ಹೇಳಬೇಕು. ಆಮ್ಯಾಲ ಅವರು ಬ್ಯಾಡ ಅಂದ್ರ ನಾನ ಎದ್ದು ಚಾ ತಂದು ಕೊಡಬೇಕು, ಅಳಬಾರದು ಅಂತ. ಬ್ಯಾಡ ಅನಿಸಿಕೊಳ್ಳಾಕ ತಯಾರಿದ್ದೆ ಯವ್ವಾ. ಕಳ್ಳಿ ಅನಿಸಿಕೊಳ್ಳಾಕ ತಯಾರಿರಲಿಲ್ಲ."

ಫೋನು ತೆಗೆದುಕೊಂಡು ಹಿತ್ತಲಿಗೆ ಹೋದಳು. ನೀರಿನ ತೊಟ್ಟಿಯ ಹತ್ತಿರ ನಿಂತು ಕಿವಿಗಿಟ್ಟುಕೊಂಡಳು. ಆ ಕಡೆ ಗಂಟೆ ಹೊಡೆಯುವುದು ಒಳಗಿದ್ದ ಸುವಾರ್ತಮ್ಮನಿಗೂ ಸಣ್ಣಗೆ ಕೇಳಿಸುತ್ತಿತ್ತು. ಹೊಡೆದು ಹೊಡೆದು ನಿಂತಿತು. ಹೆಪ್ಸಿ ಮತ್ತೊಮ್ಮೆ ಮಾಡಿದಳು. ನಾತಾನ ಎತ್ತಲಿಲ್ಲ. ಆಕೆ ಕಾಲ ಮೇಲೆ ನೀರು ಹೊಯ್ದುಕೊಂಡು, ಮುಖ ತೊಳೆದುಕೊಂಡು ಒಳಗೆ ಬಂದು ಅನ್ನಕ್ಕಿಟ್ಟಳು.

ದೀಪ ಹಚ್ಚುವ ಹೊತ್ತಾಯಿತು. ಈ ಹೊತ್ತಿಗೆ ಆ ಮನೆಯಲ್ಲಿ ಚಾಪೆ ಹಾಸುವುದು ತಪ್ಪಿದ್ದಿಲ್ಲ, ಹೆಪ್ಸಿ ಬಿದ್ದ ದಿನವೂ ತಪ್ಪಿರಲಿಲ್ಲ. ಸುವಾರ್ತಮ್ಮ ಚಾಪೆ ಹಾಸಿ, ಬೈಬಲ್ ತಂದಿಟ್ಟು ಕೂತಳು. ಮಗಳು ಬರುತ್ತಾಳೋ ಇಲ್ಲವೋ ಎಂದು ನೋಡದೆ ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತಿಗೆ ಚಾಪೆಯ ಆಚೆ ತುದಿ ಅಲುಗಿತು. ಹೆಪ್ಸಿ ಬಂದು ಕೂತಿದ್ದಳು.

ಸುವಾರ್ತಮ್ಮ ಬಾಯಿ ತೆರೆದಳು. ದಿನವೂ ಇಲ್ಲಿ ಮಾತು ತಾನಾಗಿ ಹರಿಯುತ್ತಿತ್ತು: ನೆಲದ ಕೆಳಗಿನ ಗಂಡ, ಬಸ್ಸಿನಲ್ಲಿ ಬರುವ ಮಗಳು, ಲಾಲ್‌ಬೀಯ ಮೊಣಕಾಲು, ಬಿಸಿಯೂಟದ ಮಕ್ಕಳು, ಒಬ್ಬರೂ ಬಿಟ್ಟುಹೋಗದಂತೆ. ಇಂದು ತಂದೆಯೇ ಎಂಬುದು ಕೂಡ ಹೊರಗೆ ಬರಲಿಲ್ಲ. ಸಿಟ್ಟಿತ್ತು, ಪ್ರಿಸಿಲ್ಲಮ್ಮನ ಮೇಲೆ, ದೇವರ ಮೇಲೆ, ಎಲ್ಲಕ್ಕಿಂತ ತನ್ನ ನಾಲಿಗೆಯ ಮೇಲೆ. ಮೋಸಹೋದವಳು ತಾನು ಎಂದುಕೊಂಡೇ ಕಾಲುವೆ ದಾಟಿ ಹೋಗಿದ್ದಳು, ಮೋಸ ಮಾಡಿದವಳೂ ತಾನೇ ಎಂಬುದು ಮನೆಗೆ ಬಂದ ಮೇಲೆ ತಿಳಿದಿತ್ತು. ಇದನ್ನೆಲ್ಲ ಹೇಳಿಕೊಳ್ಳಬೇಕಾದದ್ದು ಆ ದೇವರೊಬ್ಬನಿಗೇ. ಬೇರೆ ಕಡೆಗೆ ಹೋಗಲು ಆಕೆಗೆ ಜಾಗವೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಳು, ಕೈ ಮುಗಿದದ್ದು ಹಾಗೆಯೇ ಇತ್ತು, ಮುಚ್ಚಿದ ಕಣ್ಣಿನಿಂದ ನೀರು ಮೂಗಿನ ತುದಿಗೆ ಇಳಿದು ನಿಂತಿತು.

ಹೆಪ್ಸಿ ಕಣ್ಣು ತೆರೆದೇ ಕೂತಿದ್ದಳು. ತಾಯಿಯ ಅಲುಗದ ತುಟಿಯನ್ನು ನೋಡುತ್ತಿದ್ದಳು.

ಗೋಡೆಯಾಚೆಯಿಂದ ಲಾಲ್‌ಬೀಯ ದನಿ ಬಂತು. "ಸುವಾರ್ತಾ, ಯಾಕಬೇ, ಇವತ್ತು ಪ್ರಾರ್ಥನಾ ಇಲ್ಲೇನು?"

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು.

"ನಡದೈತಿ, ಖಾಲಾ," ಎಂದಳು ಹೆಪ್ಸಿ.

ಆಚೆ ಕಡೆ ಹೊಲಿಗೆಯ ಮಷೀನು ನಿಂತಿತು.