ಕ್ಯಾಮೆರಾ ಕಾಣದ ರೊಟ್ಟಿ

ನಾನು ಮಾಡುವ ಕೆಲಸ ಏನೆಂದು ಬಾಗಲವಾಡದ ನಮ್ಮ ಓಣಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ರಾಯಚೂರಿನಲ್ಲಿ ಒಂದು ಕಂಪನಿ. ಜನರ ಹಣೆಗೆ ಕ್ಯಾಮೆರಾ ಕಟ್ಟಿ, ಅವರ ಕೈ ಕೆಲಸ ಮಾಡುವುದನ್ನು ವಿಡಿಯೊ ಹಿಡಿದು ಹೊರದೇಶಕ್ಕೆ ಕಳಿಸುತ್ತೇವೆ. ಅದನ್ನು ನೋಡಿ ಅಲ್ಲಿಯ ರೋಬೋಟುಗಳು ಕಲಿಯುತ್ತವಂತೆ. ದೇಶ ಹೊರಗಿನ ಕಂಪನಿಗಳಿಗೆ ಬಾಗಿಲು ತೆರೆದು ಮೂವತ್ತು ವರ್ಷ ದಾಟಿದೆ. ಕಂಪ್ಯೂಟರ್ ಕಸುಬು ಬೆಂಗಳೂರು, ಹೈದರಾಬಾದು ಎಲ್ಲ ಮುಗಿಸಿಕೊಂಡು ಕೊನೆಗೆ ನಮ್ಮ ಕಡೆ ಬಂತು, ಬಂದದ್ದೇ ನಮ್ಮ ಕೈ ಕೇಳಿತು. ದೇವದುರ್ಗದಿಂದ ಹತ್ತಿ ಬಿಡಿಸುವ ಕೈ, ಮಾನ್ವಿಯಿಂದ ರೊಟ್ಟಿ ಬಡಿಯುವ ಕೈ. ಮಾನ್ವಿ ತಾಲೂಕು ನನ್ನ ಪಾಲಿಗೆ ಬಂದಾಗ, "ನಮ್ಮೂರಾಗ ಮಾಡಸ್ತೀನ್ರೀ ಸರ್" ಎಂದು ದೊಡ್ಡಸ್ತಿಕೆ ಕೊಚ್ಚಿಬಿಟ್ಟೆ.

ಕೊಚ್ಚುವಾಗ ಅವ್ವನ ಕೈ ನೆನಪಾಗಲಿಲ್ಲ.

ನಮ್ಮವ್ವ ಶೇಖಮ್ಮನ ರೊಟ್ಟಿ ಅಂದರೆ ಓಣಿಗೇ ಹೆಸರು. ಯಾರ ಮನೆಗೆ ಹೊಸ ಸೊಸೆ ಬಂದರೂ ಒಂದು ವಾರ ಅವ್ವನ ಒಲೆಯ ಮುಂದೆ ಕೂತು ಕಲಿಯಬೇಕು, ಹಾಗೆ ವಾಡಿಕೆ. ಬಲಗೈಯಲ್ಲಿ ಅವಳಿಗಿರುವುದು ಮೂರೇ ಬೆರಳು. ನಾನು ಐಟಿಐ ಓದುವಾಗ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಕೂಲಿಗೆ ಹೋಗಿ, ಎರಡನ್ನು ಯಂತ್ರಕ್ಕೆ ಕೊಟ್ಟು ಬಂದಳು. ಕಂಪನಿಯ ನಿಯಮ ಮಾತ್ರ ಖಡಕ್ಕಾಗಿದೆ: ಎರಡೂ ಕೈಯ ಹತ್ತು ಬೆರಳು ಕಾಣಬೇಕು. ಇಲ್ಲದಿದ್ದರೆ ವಿಡಿಯೊ ಕಸಕ್ಕೆ, ಬೈಗುಳ ನನಗೆ.

ಶನಿವಾರ ಮುಂಜಾನೆ ಊರಿಗೆ ಹೋದರೆ ಅವ್ವ ಜಳಕ ಮಾಡಿ, ಇಳಕಲ್ ಸೀರೆ ಉಟ್ಟು, ಒಲೆ ಹೊತ್ತಿಸಿ ಕೂತಿದ್ದಳು.

"ಮೊದಲ ನನಗ ಕಟ್ಟಪಾ. ಆಮ್ಯಾಲ ಉಳದವರ ಮನಿಗಿ ಹೋಗುವಂತಿ."

ನಿಯಮ ಹೀಗಿದೆ ಯವ್ವಾ ಎಂದು ಒಂದು ಮಾತು ಹೇಳಬಹುದಿತ್ತು. ನನ್ನ ಬಾಯಿಗೆ ಏನು ಬಡಿದಿತ್ತೋ. ಅವಳ ಹಣೆಗೆ ಕ್ಯಾಮೆರಾ ಕಟ್ಟಿದೆ, ಬಟನ್ ಮಾತ್ರ ಒತ್ತಲಿಲ್ಲ. ಅವಳ ಮನಸ್ಸು ನೋಯಿಸಬಾರದೆಂದು ಹೀಗೆ ಮಾಡಿದೆ ಅಂತ ಆಗ ಸಮಾಧಾನ ಮಾಡಿಕೊಂಡೆ. ಸುಳ್ಳು. ಆಫೀಸಿನಲ್ಲಿ ಯಾರಾದರೂ ಆ ಕೈಯನ್ನು ದೊಡ್ಡ ಪರದೆಯ ಮೇಲೆ ಹಾಕಿ, "ಇವರು ಯಾರು?" ಎಂದು ಕೇಳುವುದು ನನಗೆ ಬೇಕಿರಲಿಲ್ಲ.

ಅವ್ವ ಬಡಿಯತೊಡಗಿದಳು. ಹೊಸ ಸೊಸೆಗೆ ಹೇಳಿಕೊಡುವ ಹಾಗೆ ಆ ಸತ್ತ ಕ್ಯಾಮೆರಾಕ್ಕೆ ಹೇಳಿಕೊಡುತ್ತಲೇ ಇದ್ದಳು. "ನೋಡು, ಕೈ ಅಂಚಿನ ಮ್ಯಾಲ ಇರಬೇಕು. ನಡುವ ಜೋರ್ ಬಡದ್ರ ಹರೀತದ."

"ಸಾಕು ಬಿಡು ಯವ್ವಾ."

"ತಡಿಯಪಾ, ಅದು ಇನ್ನs ಕಲ್ಯಾಕತ್ತದ."

ಇಪ್ಪತ್ತು ರೊಟ್ಟಿ ಮಾಡಿದಳು, ಒಂದೂ ಹರಿಯಲಿಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ.

ಆಮೇಲೆ ಐದು ಮನೆ ತಿರುಗಿ ಐದು ಜನರ ಕೈಯ ವಿಡಿಯೊ ಹಿಡಿದುಕೊಂಡೆ, ಬಟನ್ ಒತ್ತಿಯೇ. ಮಧ್ಯಾಹ್ನ ಅವರೆಲ್ಲ ನಮ್ಮ ಪಡಸಾಲೆಗೆ ಬಂದು, ತೋರಿಸದ ಹೊರತು ಬಿಡುವುದಿಲ್ಲ ಎಂದು ಕೂತರು. ಫೋನಿನಲ್ಲಿ ಒಂದೊಂದಾಗಿ ತೋರಿಸಿದೆ. ತಮ್ಮ ಕೈ ತಾವೇ ನೋಡಿ ನಕ್ಕರು, ಒಬ್ಬರನ್ನೊಬ್ಬರು ಆಡಿಕೊಂಡರು. ಐದು ಮುಗಿದವು.

"ಶೇಖಮ್ಮಂದು ಎಲ್ಲಿ?" ಪಕ್ಕದ ಮನೆಯ ಮುನವ್ವರ್ ಬೀ ಕೇಳಿದಳು. "ನಮಗೆಲ್ಲ ಕಲಿಸಿದಾಕಿ, ಆಕಿಂದs ಇಲ್ಲಲ್ಲ?"

"ಅದು..." ಎಂದೆ. ಅವ್ವ ನನ್ನ ಮುಖ ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಅವಳಿಗೆ ತಿಳಿದುಹೋಯಿತು. ನೆಲ ಬಿರಿಯಬಾರದೇ ಅನ್ನಿಸಿತು ನನಗೆ.

ಅವ್ವ ರೊಟ್ಟಿ ಬುಟ್ಟಿಯ ಮೇಲೆ ಮೆಲ್ಲಗೆ ಬಟ್ಟೆ ಎಳೆದಳು.

"ನಂದು ಬ್ಯಾಡ ಅಂತ ನಾನs ತೆಗಿಸಿದೆ. ಇವತ್ತ್ಯಾಕೋ ರೊಟ್ಟಿ ಎಲ್ಲಾ ಹರದ್ವು ಬೇ."

"ನಿನ್ನ ರೊಟ್ಟಿ ಹರೀತಾವ?" ಮುನವ್ವರ್ ಬೀ ನಂಬಲಿಲ್ಲ. ನನ್ನ ಕಡೆ ತಿರುಗಿದಳು. "ಖರೇನ ಬೇಟಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗಲೂ ಹೇಳಬಹುದಿತ್ತು.

"ಹೌದು ಖಾಲಾ," ಅಂದೆ. "ಒಂದೂ ಸರಿ ಬರಲಿಲ್ಲ."

ಮಗ ಸರಿಯಾಗಿ ಉತ್ತರ ಹೇಳಿದನೆಂಬಂತೆ ಅವ್ವ ತಲೆಯಾಡಿಸಿದಳು.