ಫೋರ್ಟಿನಿಂದ ಬರುವ ಫೋನು

ಪರೀಕ್ಷೆಯಲ್ಲಿ ಒಮ್ಮೆಯೂ ಕಾಪಿ ಹೊಡೆಯದೆ ಎಂ.ಡಿ. ಮುಗಿಸಿದ ಡಾಕ್ಟರ್ ತಿಲಕ್, ಪರೀಕ್ಷಕರನ್ನು ಮಾತ್ರ ಬಿಡದೆ ಕಾಪಿ ಹೊಡೆಯುತ್ತಿದ್ದ. ಅವರ ಕೆಮ್ಮು, ಗೊಗ್ಗರು ದನಿ, ಲೋಕಲ್ ರೈಲಿನ ಅನೌನ್ಸ್‌ಮೆಂಟು ಎಲ್ಲವೂ ಅವನ ಗಂಟಲಲ್ಲಿದ್ದವು. ಹೃದ್ರೋಗ ವಿಭಾಗದಲ್ಲಿ ಸೀಟು ಸಿಕ್ಕಿತ್ತು. ಸೇರುವವರೆಗಿನ ಖಾಲಿ ದಿನಗಳನ್ನು ಕಳೆಯಲು ವಿನೋದಿನಿ ಮ್ಯಾಡಂ ನಡೆಸುವ ಮರೆವಿನ ಕಾಯಿಲೆಯ ಕ್ಲಿನಿಕ್ಕಿಗೆ ಬಂದಿದ್ದ. ಹೃದಯ ಕೆಟ್ಟರೆ ರಿಪೇರಿ ಉಂಟು, ಇಲ್ಲಿ ಮಾಡುವುದೇನು ಎಂಬುದು ಅವನ ವಾದ. ಮ್ಯಾಡಂ ವಾದಕ್ಕಿಳಿಯದೆ ಅವನನ್ನು ಸಯನ್ನಿನ ಒಂದು ಮನೆಗೆ ಕಳಿಸಿದರು.

ಅಲ್ಲಿ ಸೇವಂತಿಯಮ್ಮ ಊಟ ಬಿಟ್ಟು ಒಣಗುತ್ತಿದ್ದರು. ಹೀಗೇ ಹೋದರೆ ಮೂಗಿಗೆ ನಳಿಗೆ ಹಾಕುವುದೊಂದೇ ದಾರಿ. ಗಂಡ ಸದಾನಂದ ಆಫೀಸುಗಳೇ ತುಂಬಿದ ಫೋರ್ಟಿನಲ್ಲಿ ಹೋಟೆಲು ನಡೆಸಿ ಈಗ ಮನೆಯಲ್ಲಿದ್ದವರು. ಆ ಕಾಲದಲ್ಲಿ ಆಫೀಸಿನವರ ನೂಕುನುಗ್ಗಲು ಇಳಿದ ಮೇಲೆ ಉಂಡು, ಗಲ್ಲಾದ ಪಕ್ಕದಿಂದ ಮನೆಗೆ ಫೋನ್ ಮಾಡುತ್ತಿದ್ದರು. ಆ ಫೋನ್ ಬಂದ ಮೇಲೆಯೇ ಹೆಂಡತಿಯ ಊಟ. ಈಗ ಎದುರಿಗೇ ಕೂತು ತನ್ನದಾಯಿತೆಂದರೂ ಆಕೆ ತಟ್ಟೆ ಮುಟ್ಟುತ್ತಿರಲಿಲ್ಲ.

"ನಿಮ್ಮದಾದ್ರೆ ನಂಗೆಂತ? ನಮ್ಮವರ ಫೋನ್ ಬರ್ಲಿಲ್ಲ."

ತಿಲಕನ ಗಂಟಲು ತುರಿಸಿತು. ಹೊರಗಿನ ಮೆಟ್ಟಿಲಿಗೆ ಹೋಗಿ ಆ ಮನೆಗೇ ಫೋನ್ ಮಾಡಿದ. ಸದಾನಂದರ ದನಿಯನ್ನು ಹಾಗೆಯೇ ತೆಗೆದು, ಊಟವಾಯಿತೆಂದ. ಸೇವಂತಿಯಮ್ಮ ಅರಳಿ, ಪಲ್ಯ ಯಾವುದೆಂದು ಕೇಳಿದರು. ಅವನು ಬಾಯಿಗೆ ಬಂದ ಬೀಟ್‌ರೂಟ್ ಬಡಿಸಿದ. ಸದಾನಂದರು ಜನ್ಮದಲ್ಲಿ ಬೀಟ್‌ರೂಟ್ ಮುಟ್ಟಿದವರಲ್ಲ. ಯಾವನೋ ಕಳ್ಳನೆಂದು ಆಕೆ ಫೋನಿಟ್ಟು ತಟ್ಟೆಯನ್ನು ಇನ್ನೂ ದೂರ ತಳ್ಳಿದರು.

ಮರುದಿನ ತಿಲಕ್ ಸದಾನಂದರನ್ನೇ ಮೆಟ್ಟಿಲಿಗೆ ಕರೆತಂದು ಮೊಬೈಲ್ ಕೊಟ್ಟ. ಅವರು ಹೆಂಡತಿಯ ಹೆಸರನ್ನು ಎಷ್ಟು ಮೆತ್ತಗೆ ಕರೆದರೆಂದರೆ, ರಾಂಗ್ ನಂಬರ್ ಎಂದು ಕಟ್ಟಾಯಿತು.

"ಮಾಮ, ಪ್ರೀತಿ ಸ್ವಲ್ಪ ಕಡಿಮೆ ಮಾಡಿ. ಗಡಿಬಿಡಿ ಜಾಸ್ತಿ ಬೇಕು," ಎಂದ ತಿಲಕ್. "ಆಗ ನಿಮ್ಗೆ ಪುರುಸೊತ್ತೇ ಇರ್ಲಿಲ್ವಲ್ಲ."

ಸದಾನಂದರು ನಕ್ಕರೋ ನೊಂದರೋ ತಿಳಿಯಲಿಲ್ಲ. ಎರಡನೆಯ ಸಲ ತಿಲಕ್ ಪಕ್ಕದಲ್ಲಿ ನಿಂತು ಬಾಯಲ್ಲೇ ಸ್ಟೀಲ್ ತಟ್ಟೆ ಬೀಳಿಸಿದ, ಸಪ್ಲಾಯರನಾಗಿ ಎರಡು ಊಟಕ್ಕೆ ಕೂಗು ಹಾಕಿದ. ಮುದುಕರ ಬೆನ್ನು ತಾನಾಗಿ ನೆಟ್ಟಗಾಯಿತು.

"ಹಾಂ ಸೇವಂತಿ, ನಂದಾಯ್ತು. ತೊಂಡೆಕಾಯಿ ಪಲ್ಯ. ಗಿರಾಕಿ ಉಂಟು, ಇಡ್ತೇನೆ."

"ನಿಲ್ಲಿ ಮಾರಾಯ್ರೆ. ಇಲ್ಲೊಬ್ರು ಅಜ್ಜ ಇಡೀ ದಿನ ಕೂತಿರ್ತಾರೆ. ಪಾಪದವರು. ಅವರಿಗೂ ಬಡಿಸ್ಲಾ?"

ಸದಾನಂದರ ಗಡಿಬಿಡಿ ನಿಂತುಹೋಯಿತು. ತಿಲಕ್ ಇನ್ನೊಂದು ತಟ್ಟೆ ಬೀಳಿಸಿ ಆ ಮೌನವನ್ನು ಮುಚ್ಚಿದ.

"ಬಡಿಸು," ಎಂದರು ಸದಾನಂದರು.

ಒಳಗೆ ಹೋದಾಗ ಎರಡು ತಟ್ಟೆಗಳಿದ್ದವು. ನಮ್ಮವರೇ ಹೇಳಿದ್ದಾರೆ, ನಾಚಿಕೆ ಬೇಡ ಎಂದು ಆಕೆ ಅನ್ನ ಬಡಿಸಿದರು. ಆಗಲೇ ಉಂಡಿದ್ದ ಸದಾನಂದರು ಮತ್ತೆ ಉಂಡರು, ಆಕೆ ಎದುರು ಕೂತು ಉಂಡರು.

ಮೆಟ್ಟಿಲಲ್ಲೇ ಉಳಿದ ತಿಲಕ್ ಮ್ಯಾಡಂಗೆ ಫೋನ್ ಮಾಡಿದ. ರೋಗಿಯ ಮನೆಯಲ್ಲಿ ಯಾರ ಊಟ ಯಾರಿಗಾಗಿ ಕಾಯುತ್ತಿತ್ತು ಎಂಬ ಪ್ರಶ್ನೆ ನಮ್ಮ ಮರೆವಿನ ಪರೀಕ್ಷೆಗಳಲ್ಲಿ ಏಕಿಲ್ಲ, ಅದನ್ನು ಅಧ್ಯಯನ ಮಾಡಬಹುದೇ, ಹೃದಯದ ಸೀಟು ಬಿಟ್ಟರೆ ಇಲ್ಲಿ ಜಾಗ ಸಿಗುವುದೇ ಎಂದು ಕೇಳಿದ. ಇದು ಯಾರ ದನಿಯ ನಕಲು ಎಂದು ಅವರು ಅನುಮಾನಪಟ್ಟರು.

"ನಂದೇ, ಮ್ಯಾಡಂ. ನಾಳೆ ಕ್ಲಿನಿಕ್ಕಿಗೆ ಲೇಟಾಗುತ್ತೆ. ಇಲ್ಲಿ ತಟ್ಟೆ ಬೀಳಿಸೋಕೆ ಬೇರೆ ಜನ ಇಲ್ಲ."